ಪಾಪೈ ಡಾಯ್ಲ್‌ನ ಎರಡನೇ ಸಿನಿಮಾ ತೋರಿಸಿ: ಫಿಲ್ಮ್ ಸೊಸೈಟಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದಲ್ಲಿ ಫಿಲ್ಮ್ ಸೊಸೈಟಿ ನಡೆಸುತ್ತಿರುವ ಎಲ್ಲರಿಗೂ ನಮಸ್ಕಾರ.

ಜೀನ್ ಹ್ಯಾಕ್‌ಮನ್ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರಿಗೆ 95 ವರ್ಷ ಆಗಿತ್ತು. ಇಂಥ ನಟ ಹೋದ ಮೇಲೆ ಅವರ ಸಿನಿಮಾಗಳನ್ನು ತೋರಿಸುವ ಮಾತು ಎಲ್ಲ ಕಡೆ ಬರುತ್ತದೆ. ಪಟ್ಟಿ ಮಾಡಲು ಕೂತರೆ ಮೊದಲು ಬರುವ ಹೆಸರು ‘ದಿ ಫ್ರೆಂಚ್ ಕನೆಕ್ಷನ್’. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಸಿನಿಮಾವನ್ನು ನೋಡದ ಸಿನಿಮಾ ಹುಚ್ಚರು ಕಡಿಮೆ. ಅದಕ್ಕೇ ಒಂದು ಕೋರಿಕೆ. ಈ ಸಲ ಅದನ್ನು ಬಿಟ್ಟು, 1975ರ ‘ಫ್ರೆಂಚ್ ಕನೆಕ್ಷನ್ 2’ ತೋರಿಸಿ. ಎರಡನ್ನೂ ಒಟ್ಟಿಗೆ ಬೇಡ. ಎರಡನೆಯದನ್ನು ಮಾತ್ರ.

‘ಎರಡನೇ ಭಾಗನಾ? ಅದನ್ನ ವಿಮರ್ಶಕರೇ ಅಷ್ಟಾಗಿ ಮೆಚ್ಚಿಕೊಳ್ಳಲಿಲ್ಲವಲ್ಲ?’ ಅಂತ ಕಮಿಟಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ಪತ್ರ ಬರೆಯುತ್ತಿರುವುದೇ ಆ ಪ್ರಶ್ನೆಗಾಗಿ.

ಮೊದಲನೆಯದರ ಕಥೆ ನಿಮಗೆ ಗೊತ್ತಿರುವುದೇ. ವಿಲಿಯಂ ಫ್ರೀಡ್ಕಿನ್ ನಿರ್ದೇಶನ, 1971. ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಮಾದಕವಸ್ತು ವಿಭಾಗದ ಪತ್ತೇದಾರ ಜಿಮ್ಮಿ ಡಾಯ್ಲ್ (ಹ್ಯಾಕ್‌ಮನ್), ಅಡ್ಡಹೆಸರು ಪಾಪೈ. ಒರಟ, ಬಾಯಿಬಡುಕ, ಬಿಳಿಯರಲ್ಲದವರ ಮೇಲೆ ತಾತ್ಸಾರ ಇರುವವನು. ಫ್ರಾನ್ಸಿನಿಂದ ಹೆರಾಯಿನ್ ತರಿಸುವ ಅಲಾನ್ ಶಾರ್ನಿಯೇ ಅವನ ಬೇಟೆ. ಆ ಪಾತ್ರದಲ್ಲಿ ಫೆರ್ನಾಂಡೊ ರೇ. (ಫ್ರೀಡ್ಕಿನ್ ಮನಸ್ಸಿನಲ್ಲಿದ್ದದ್ದು ಬೇರೊಬ್ಬ ಸ್ಪ್ಯಾನಿಷ್ ನಟ. ಹೆಸರಿನ ಗೊಂದಲದಲ್ಲಿ ರೇ ಬಂದಿಳಿದರು. ಇಂಥ ಗೊಂದಲ ನಮ್ಮ ಸಿನಿಮಾಗಳಿಗೂ ಆಗಾಗ ಆಗಬಾರದೇ!) ಮೇಲೆ ಹಳಿಯ ಮೇಲೆ ರೈಲು, ಕೆಳಗೆ ರಸ್ತೆಯಲ್ಲಿ ಡಾಯ್ಲ್‌ನ ಕಾರು. ಆ ಬೆನ್ನಟ್ಟುವಿಕೆಯನ್ನು ಇವತ್ತಿಗೂ ಸಿನಿಮಾ ಶಾಲೆಗಳಲ್ಲಿ ಪಾಠ ಮಾಡುತ್ತಾರೆ. ಸಿನಿಮಾಕ್ಕೆ ಐದು ಆಸ್ಕರ್ ಬಂತು. ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶಕ, ಶ್ರೇಷ್ಠ ನಟ ಮೂರೂ ಅದರಲ್ಲಿ ಸೇರಿದ್ದವು.

ಆದರೆ ಅದು ಮುಗಿಯುವ ರೀತಿ ನೆನಪಿದೆಯಾ? ಡಾಯ್ಲ್ ಗೆಲ್ಲುವುದಿಲ್ಲ. ಕತ್ತಲಲ್ಲಿ ತನ್ನ ಕಡೆಯ ಅಧಿಕಾರಿಯನ್ನೇ ಗುಂಡಿಕ್ಕಿ ಕೊಲ್ಲುತ್ತಾನೆ. ಶಾರ್ನಿಯೇ ತಪ್ಪಿಸಿಕೊಳ್ಳುತ್ತಾನೆ.

ಕಥೆಗೆ ಆಧಾರವಾದ ನಿಜವಾದ ಕೇಸಿನ ಮುಂದಿನ ಭಾಗ ಇನ್ನೂ ಹೊಲಸು. 1960ರ ದಶಕದ ಮೊದಲ ವರ್ಷಗಳಲ್ಲಿ ಹಿಡಿದ ಆ ಹೆರಾಯಿನ್ ನ್ಯೂಯಾರ್ಕ್ ಪೊಲೀಸರ ಉಗ್ರಾಣದಲ್ಲಿ ಭದ್ರವಾಗಿದೆ ಅಂತಲೇ ಎಲ್ಲರೂ ನಂಬಿದ್ದರು. 1972ರಲ್ಲಿ ನೋಡಿದರೆ ಪೊಟ್ಟಣಗಳಲ್ಲಿ ಇದ್ದದ್ದು ಬರೀ ಹಿಟ್ಟು. ಮಾಲನ್ನು ಉಗ್ರಾಣದಿಂದಲೇ ಯಾರೋ ಸಾಗಿಸಿಬಿಟ್ಟಿದ್ದರು.

ಇದೆಲ್ಲ ಆದ ಮೇಲೆ ಡಾಯ್ಲ್‌ನ ಕಥೆಯನ್ನು ಪ್ರಾಮಾಣಿಕವಾಗಿ ಮುಂದುವರಿಸಬೇಕು ಅಂದರೆ ಹೇಗೆ? ಇನ್ನೊಂದು ಕಾರು, ಇನ್ನೊಂದು ರೈಲು, ಇನ್ನೊಂದು ದಾಳಿ ತೋರಿಸಬಹುದಿತ್ತು. ಎರಡನೆಯದರ ನಿರ್ದೇಶಕ ಜಾನ್ ಫ್ರಾಂಕನ್‌ಹೈಮರ್ ಆ ದಾರಿ ಹಿಡಿಯಲಿಲ್ಲ.

ಅವರು ಈ ಸಿನಿಮಾ ಒಪ್ಪಿಕೊಂಡದ್ದು ಕಲೆಗಾಗಿ ಅಂತ ನಾನು ಹೇಳಲು ಹೋಗುವುದಿಲ್ಲ. 1974ರಲ್ಲಿ ಬಂದ ಅವರ ಚಿತ್ರ ನೆಲಕಚ್ಚಿತ್ತು. ಗೆಲ್ಲುವ ಸಿನಿಮಾ ಒಂದು ತುರ್ತಾಗಿ ಬೇಕಿತ್ತು. ಫ್ರಾನ್ಸಿನಲ್ಲಿ ವಾಸ ಮಾಡಿದ್ದರು, ಭಾಷೆ ಗೊತ್ತಿತ್ತು. ಹಳೆಯ ಚಿತ್ರದಿಂದ ತೆರೆಯ ಮೇಲೆ ಮತ್ತೆ ಬಂದವರು ಮುಖ್ಯವಾಗಿ ಇಬ್ಬರೇ: ಹ್ಯಾಕ್‌ಮನ್ ಮತ್ತು ರೇ. ಸಂಗೀತದ ಡಾನ್ ಎಲ್ಲಿಸ್ ಕೂಡ ಬಂದರು. ಕ್ಯಾಮೆರಾ ಹಿಡಿದವರು ಕ್ಲೋಡ್ ರೆನ್ವಾ, ಚಿತ್ರಕಲಾವಿದ ರೆನ್ವಾ ಅವರ ಮೊಮ್ಮಗ. ಕಥೆ ನಡೆಯುವುದು ಫ್ರಾನ್ಸಿನ ಬಂದರು ನಗರ ಮಾರ್ಸೇಲ್‌ನಲ್ಲಿ. ಮೊಮ್ಮಗ ತೋರಿಸಿದ ಆ ಊರಿನಲ್ಲಿ ಅಜ್ಜನ ಹೂವು, ಬಿಸಿಲು ಯಾವುದೂ ಇಲ್ಲ. ಗೋಡೆ ಸಿಪ್ಪೆ ಬಿಟ್ಟ ಗಲ್ಲಿಗಳು, ಬಂದರು, ಅಗ್ಗದ ಹೋಟೆಲು.

ಸಿನಿಮಾ ಶುರುವಾಗುವುದು ಏಪ್ರಿಲ್ 1ರಂದು. ಮೀನಿನ ಹೊಟ್ಟೆಯಲ್ಲಿ ಹೆರಾಯಿನ್ ಇದೆ ಅಂತ ಯಾರೋ ಕೊಟ್ಟ ಸುಳಿವನ್ನು ನಂಬಿ ಮಾರ್ಸೇಲ್ ಪೊಲೀಸರು ಮೀನು ಕೊಯ್ಯುತ್ತಿದ್ದಾರೆ. ಅದು ಏಪ್ರಿಲ್ ಫೂಲ್. ಆ ನಾತದ ಮಧ್ಯೆ ಡಾಯ್ಲ್ ಬಂದಿಳಿಯುತ್ತಾನೆ. ಶಾರ್ನಿಯೇಯ ಮುಖ ಗೊತ್ತಿರುವವನು ತಾನು ಅನ್ನೋ ಜಂಬ ಬೇರೆ. ಸ್ಥಳೀಯ ಅಧಿಕಾರಿ ಬಾರ್ತೆಲೆಮಿ ಇವನ ಫೈಲು ಓದಿಕೊಂಡಿದ್ದಾನೆ. ಇವನ ಕೈಯಲ್ಲಿ ಪೊಲೀಸರೂ ಸತ್ತಿದ್ದಾರೆ ಅನ್ನೋದು ಅವನಿಗೆ ಗೊತ್ತು. ಕೂರಲು ಮೇಜು ಕೊಡುತ್ತಾನೆ, ಶೌಚಾಲಯದ ಬಾಗಿಲ ಪಕ್ಕದಲ್ಲಿ!

ಡಾಯ್ಲ್‌ಗೆ ಫ್ರೆಂಚ್ ಒಂದು ಪದವೂ ಬರುವುದಿಲ್ಲ. ಕಲಿಯುವ ಮನಸ್ಸೂ ಇಲ್ಲ. ಬಾರ್‌ನಲ್ಲಿ ಸ್ಕಾಚ್ ಸಿಗದಿದ್ದಾಗ ‘ಎಲ್ ಸ್ಕಾಚೋ’ ಅನ್ನುತ್ತಾನೆ. ಹಿಂದೆ ಮುಂದೆ ಏನಾದರೂ ಸೇರಿಸಿದರೆ ಪರದೇಶದವರಿಗೆ ಅರ್ಥವಾಗುತ್ತದೆ ಅನ್ನೋ ನಂಬಿಕೆ. ದಾಳಿಯೊಂದರಲ್ಲಿ ಸುಮ್ನೆ ಕೂತಿರು ಅಂದರೆ ಕೇಳದೆ ನುಗ್ಗುತ್ತಾನೆ. ಇವನ ಅವಸರಕ್ಕೆ ವೇಷ ಮರೆಸಿ ಒಳಗೆ ಸೇರಿಕೊಂಡಿದ್ದ ಒಬ್ಬ ಪೊಲೀಸನೇ ಜೀವ ಕಳೆದುಕೊಳ್ಳುತ್ತಾನೆ.

ಇಲ್ಲಿ ನನಗೆ ಒಂದು ವಿಷಯ ಹೇಳಬೇಕು. 1975ರಲ್ಲಿ ಅಮೆರಿಕದ ವಿಮರ್ಶಕರು ಈ ದೃಶ್ಯಗಳನ್ನು ಡಾಯ್ಲ್‌ನ ಹೆಗಲ ಮೇಲಿಂದ ನೋಡಿದರು. ನಮ್ಮವನು ಪರವೂರಿನಲ್ಲಿ ಪಡುವ ಪಾಡು, ಅಷ್ಟೇ. ನಾವು ಬೆಂಗಳೂರಿನಲ್ಲಿ ಕೂತು ನೋಡಿದಾಗ ಹಾಗೆ ಆಗುವುದಿಲ್ಲ. ನಮ್ಮ ಕಣ್ಣು ತಾನಾಗಿ ಬಾರ್ತೆಲೆಮಿಯ ಕಡೆ ಹೋಗುತ್ತದೆ. ಊರು ಅವನದು, ಭಾಷೆ ಅವನದು, ಕೆಲಸವೂ ಅವನದು. ಹೊರಗಿನಿಂದ ಬಂದವನೊಬ್ಬ ಇದ್ಯಾವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳದೆ ಜೋರು ಮಾಡುತ್ತಿದ್ದಾನೆ. ವರ್ಷಗಟ್ಟಲೆ ಇಲ್ಲೇ ಇದ್ದು ‘ಕನ್ನಡ್ ಗೊತ್ತಿಲ್ಲ’ ಅನ್ನುವವರ ಜೊತೆ ಏಗಿರುವ ಪ್ರೇಕ್ಷಕರಿಗೆ ಬಾರ್ತೆಲೆಮಿಯ ಸುಸ್ತು ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ? ಬರ್ನಾರ್ ಫ್ರೆಸೋನ್ ಆ ಪಾತ್ರವನ್ನು ಕೂಗಾಡದೆ, ಕಣ್ಣು ರೆಪ್ಪೆಯಲ್ಲೇ ಮಾಡಿ ಮುಗಿಸಿದ್ದಾರೆ. ಆಗಿನ ವಿಮರ್ಶೆಗಳಲ್ಲಿ ಅವರಿಗೆ ಸಿಕ್ಕ ಜಾಗ ಸಾಲದು. ನಿಮ್ಮ ಸಭಾಂಗಣದಲ್ಲಿ ಆ ಬಾಕಿ ತೀರುತ್ತದೆ ಅಂತ ನನಗೆ ಧೈರ್ಯವಾಗಿ ಅನ್ನಿಸುತ್ತದೆ.

ಡಾಯ್ಲ್‌ನನ್ನು ಮಾರ್ಸೇಲ್‌ಗೆ ಕಳಿಸಿದ್ದೇ ಶಾರ್ನಿಯೇಯನ್ನು ಹೊರಗೆ ಎಳೆಯುವ ಗಾಳದ ಹುಳುವಾಗಿ. ಅದು ಅವನಿಗೆ ಗೊತ್ತಿಲ್ಲ. ಕಾವಲಿಗೆ ಹಿಂದೆ ಬಿಟ್ಟಿದ್ದ ಪೊಲೀಸರನ್ನು ತಾನೇ ಜಾಣ ಅಂತ ತಪ್ಪಿಸಿಕೊಳ್ಳುತ್ತಾನೆ. ಶಾರ್ನಿಯೇಯ ಜನ ಎತ್ತಿಕೊಂಡು ಹೋಗುತ್ತಾರೆ.

ಮುಂದೆ ಬರುವ ಭಾಗವೇ ಇಡೀ ಜಗಳದ ಮೂಲ.

ಅವನನ್ನು ಒಂದು ಹಾಳು ಹೋಟೆಲಿನಲ್ಲಿ ಕಟ್ಟಿಹಾಕಿ, ದಿನಾ ಹೆರಾಯಿನ್ ಚುಚ್ಚುತ್ತಾರೆ. ವಾರಗಳು ಕಳೆಯುತ್ತವೆ. ಮೊದಲು ಬೈಯುತ್ತಾನೆ, ಒದೆಯುತ್ತಾನೆ. ಆಮೇಲೆ ತೋಳು ತಾನಾಗಿ ಮುಂದೆ ಬರುತ್ತದೆ. ಆ ಬದಲಾವಣೆಗೆ ಹ್ಯಾಕ್‌ಮನ್ ಒಂದು ದೊಡ್ಡ ಕ್ಷಣ ಅಂತ ಇಟ್ಟುಕೊಂಡಿಲ್ಲ. ಯಾವಾಗ ಆಯಿತು ಅಂತ ನಮಗೇ ಗೊತ್ತಾಗುವುದಿಲ್ಲ. ಅದೇ ಹೋಟೆಲಿನಲ್ಲಿ ಒಬ್ಬ ವಯಸ್ಸಾದ ಇಂಗ್ಲಿಷ್ ಹೆಂಗಸು ಇದ್ದಾಳೆ. ಮಾಡಿದವರು ಕ್ಯಾಥ್ಲೀನ್ ನೆಸ್ಬಿಟ್, 1888ರಲ್ಲಿ ಹುಟ್ಟಿದ ರಂಗನಟಿ. ಡಾಯ್ಲ್‌ನ ಹಾಸಿಗೆ ಪಕ್ಕ ಕೂತು, ನೀನು ನನ್ನ ಮಗನ ಹಾಗಿದ್ದೀಯ ಅಂತ ಕೈ ಸವರುತ್ತಾಳೆ. ಸವರುತ್ತಲೇ ವಾಚು ಬಿಚ್ಚಿಕೊಳ್ಳುತ್ತಾಳೆ. ಇಡೀ ಸಿನಿಮಾದ ಕ್ರೌರ್ಯ ಆ ಒಂದು ಚಿಕ್ಕ ದೃಶ್ಯದಲ್ಲಿದೆ. ಗನ್ನೂ ಇಲ್ಲ, ರಕ್ತವೂ ಇಲ್ಲ.

ಕೊನೆಗೆ ಅವನನ್ನು ಪೊಲೀಸ್ ಕಚೇರಿಯ ಮುಂದೆ ಎಸೆದು ಹೋಗುತ್ತಾರೆ. ಬಾರ್ತೆಲೆಮಿ ಆಸ್ಪತ್ರೆಗೆ ಸೇರಿಸುವುದಿಲ್ಲ. ವ್ಯಸನಿ ಅಂತ ದಾಖಲೆಯಾದರೆ ಡಾಯ್ಲ್‌ನ ನೌಕರಿ ಹೋಯಿತು ಅಂತಲೇ ಅರ್ಥ. ಹಾಗಾಗಿ ನೆಲಮಾಳಿಗೆಯ ಸೆಲ್ಲಿನಲ್ಲಿ ಕೂಡಿಹಾಕಿ, ಚುಚ್ಚುಮದ್ದು ನಿಲ್ಲಿಸಿ, ಚಟ ಬಿಡಿಸುತ್ತಾನೆ. ಆ ಸೆಲ್ಲಿನ ದೃಶ್ಯ ಉದ್ದ. ಬೇಕಂತಲೇ ಉದ್ದ. ಡಾಯ್ಲ್ ತಾನು ಹುಡುಗನಾಗಿದ್ದಾಗ ಬೇಸ್‌ಬಾಲ್ ಆಡುತ್ತಿದ್ದದ್ದನ್ನು ಹೇಳಲು ಶುರು ಮಾಡುತ್ತಾನೆ. ನ್ಯೂಯಾರ್ಕ್ ಯಾಂಕೀಸ್ ತಂಡದ ಆಯ್ಕೆಗೆ ಹೋಗಿದ್ದನಂತೆ. ಅಲ್ಲಿ ಮಿಕ್ಕಿ ಮ್ಯಾಂಟಲ್ ಅನ್ನೋ ಹುಡುಗನ (ಮುಂದೆ ಬೇಸ್‌ಬಾಲ್ ದಂತಕಥೆಯಾದವನು) ಆಟ ನೋಡಿ, ತನ್ನಿಂದಾಗದು ಅಂತ ಗೊತ್ತಾಗಿ ಪೊಲೀಸ್ ಪರೀಕ್ಷೆ ಬರೆದನಂತೆ. ಎದುರಿಗಿರುವ ಬಾರ್ತೆಲೆಮಿಗೆ ಬೇಸ್‌ಬಾಲ್ ಅಂದರೇನು ಅಂತಲೇ ಗೊತ್ತಿಲ್ಲ. ಇವನು ಚಾಕೊಲೇಟ್ ಬೇಕು ಅಂತಾನೆ, ನಗುತ್ತಾನೆ, ಅಳುತ್ತಾನೆ. ನ್ಯೂಯಾರ್ಕಿನ ಪತ್ರಕರ್ತ ಪೀಟ್ ಹ್ಯಾಮಿಲ್‌ರನ್ನು ಕರೆಸಿ ಡಾಯ್ಲ್‌ನ ಮಾತುಗಳನ್ನು ತಿದ್ದಿಸಿದ್ದರು. ಆ ಊರಿನ ಬೀದಿ ಭಾಷೆ ಬಲ್ಲವರ ಕೈ ಆಡಿದೆ ಅಂತ ಇಲ್ಲಿ ಗೊತ್ತಾಗುತ್ತದೆ. ಮೊದಲ ಸಿನಿಮಾದಲ್ಲಿ ಡಾಯ್ಲ್‌ಗೆ ಹಿಂದಿನ ಜೀವನ ಅಂತ ಒಂದು ಇತ್ತಾ ಅಂತಲೇ ನಮಗೆ ಅನ್ನಿಸಿರಲಿಲ್ಲ. ಇಲ್ಲಿ ಅದು ಹೊರಗೆ ಬರುತ್ತದೆ, ಅದನ್ನು ಅರ್ಥ ಮಾಡಿಕೊಳ್ಳಲಾಗದ ಒಬ್ಬನ ಮುಂದೆ.

ಈಗ ವಿಮರ್ಶಕರ ವಿಷಯ. ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾದದ್ದು 1975ರ ಮೇನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, ಏಪ್ರಿಲ್‌ನಲ್ಲಿ, ‘ದಿ ಗಾಡ್‌ಫಾದರ್’ನ ಎರಡನೇ ಭಾಗಕ್ಕೆ ಶ್ರೇಷ್ಠ ಚಿತ್ರದ ಆಸ್ಕರ್ ಬಂದಿತ್ತು. ಒಂದು ಮುಂದುವರಿದ ಭಾಗಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಹಾಗಾಗಿ ಎರಡನೇ ಭಾಗ ಅಂದರೆ ಅಗ್ಗದ ಸರಕು ಅನ್ನುವ ವಾದ ಆ ವರ್ಷ ಅಷ್ಟು ಸುಲಭವಾಗಿ ನಡೆಯುವಂತಿರಲಿಲ್ಲ. ಆದರೂ ಬಂದ ಮಾತುಗಳು ಮಿಶ್ರವಾಗಿದ್ದವು. ಶಿಕಾಗೋದ ರೋಜರ್ ಈಬರ್ಟ್ ನಾಲ್ಕಕ್ಕೆ ಎರಡೂವರೆ ನಕ್ಷತ್ರ ಕೊಟ್ಟರು. ಪಾತ್ರಕ್ಕೆ ನಿರ್ದೇಶಕರೂ ಚಿತ್ರಕಥೆಯೂ ನ್ಯಾಯ ಒದಗಿಸಿಲ್ಲ ಅನ್ನೋದು ಅವರ ದೂರು. ಆದರೆ ಮೊದಲ ಚಿತ್ರದ ಬೆನ್ನಿಗೆ ಸಾಲುಗಟ್ಟಿ ಬಂದ ಪೊಲೀಸ್ ಸಿನಿಮಾಗಳಲ್ಲಿ ಹೆಚ್ಚಿನವುಗಳಿಗಿಂತ ಇದು ಮೇಲು ಅಂತಲೂ ಒಪ್ಪಿಕೊಂಡರು. ನ್ಯೂಯಾರ್ಕ್ ಟೈಮ್ಸ್‌ನ ವಿನ್ಸೆಂಟ್ ಕ್ಯಾನ್ಬಿ ಅದೇ ಮಧ್ಯದ ಭಾಗವನ್ನು ಮೆಚ್ಚಿಕೊಂಡರು. ಡಾಯ್ಲ್‌ನನ್ನು ಹಿಡಿದು ಬಲವಂತದಿಂದ ವ್ಯಸನಿ ಮಾಡಿ ಬಿಡುವುದರಲ್ಲಿ ಒಂದು ಬೇರೆಯದೇ ಬಗೆಯ ಅಪಾಯ ಇದೆ, ಅದನ್ನು ಹ್ಯಾಕ್‌ಮನ್ ಚೆನ್ನಾಗಿ ಬಳಸಿಕೊಂಡಿದ್ದಾರೆ ಅನ್ನೋದು ಅವರ ಅಭಿಪ್ರಾಯ. ಮೊದಲನೆಯದಕ್ಕೆ ಸಿಕ್ಕ ಆಸ್ಕರ್ ಇದಕ್ಕೆ ಹತ್ತಿರವೂ ಸುಳಿಯಲಿಲ್ಲ. ಹ್ಯಾಕ್‌ಮನ್‌ಗೆ ಗೋಲ್ಡನ್ ಗ್ಲೋಬ್ ನಾಮನಿರ್ದೇಶನವೇನೋ ಬಂತು. ಹಣದಲ್ಲೂ ಮೊದಲನೆಯದರ ಸಮೀಪಕ್ಕೆ ಬರಲಿಲ್ಲ. ಬೇಸಿಗೆ ಶುರುವಾಗುತ್ತಿದ್ದಂತೆ, ಜೂನ್ 20ಕ್ಕೆ ‘ಜಾಸ್’ ಬಂತು. ಆ ಶಾರ್ಕ್ ಮುಂದೆ ಮಾರ್ಸೇಲ್‌ನ ಮೀನು ಯಾರಿಗೆ ಬೇಕು?

ಈಬರ್ಟ್ ಅವರ ಮೇಲೆ ನನಗೆ ಗೌರವ ಇದೆ. ಆದರೆ ಪಾತ್ರಕ್ಕೆ ನ್ಯಾಯ ಅಂದರೆ ಏನು? ಮೊದಲ ಸಿನಿಮಾದಲ್ಲಿ ಡಾಯ್ಲ್ ಕಂಡ ಕಂಡವರನ್ನು ಗೋಡೆಗೆ ಒತ್ತಿ, ಜೇಬು ತಡಕಿ, ಮರ್ಯಾದೆ ತೆಗೆದ. ಅವರಲ್ಲಿ ಜಾಸ್ತಿ ಜನ ಬಡ ಕಪ್ಪುವರ್ಣೀಯರು, ವ್ಯಸನಿಗಳು. ಅವನ ವೇಗಕ್ಕೆ ನಾವು ಚಪ್ಪಾಳೆ ಹೊಡೆದೆವು. ಎರಡನೆಯದು ಅವನನ್ನೇ ಆ ಗೋಡೆಗೆ ಒತ್ತುತ್ತದೆ. ಈಗ ಅವನ ತೋಳಿನಲ್ಲಿ ತೂತು, ಅವನ ಮೂಗಿನಲ್ಲಿ ನೀರು, ಒಂದು ಸೂಜಿಗಾಗಿ ಅವನೇ ಗೋಗರೆಯುತ್ತಾನೆ. ಇದಕ್ಕಿಂತ ದೊಡ್ಡ ನ್ಯಾಯ ಆ ಪಾತ್ರಕ್ಕೆ ಬೇರೆ ಇದೆಯಾ? ಹ್ಯಾಕ್‌ಮನ್‌ಗೆ ಮೊದಲ ಚಿತ್ರ ಮಾಡುವಾಗಲೇ ಡಾಯ್ಲ್‌ನ ಒರಟುತನ, ಜನಾಂಗದ್ವೇಷದ ಮಾತು ನುಂಗಲು ಕಷ್ಟವಾಗಿತ್ತು. ಆ ಕಸಿವಿಸಿಯೆಲ್ಲ ಎರಡನೆಯದರಲ್ಲಿ ಕೆಲಸಕ್ಕೆ ಬಂದಿದೆ ಅಂತ ನನ್ನ ಲೆಕ್ಕ.

ನಾವು ಪತ್ತೇದಾರಿ ಕಾದಂಬರಿ ಓದಿ ಬೆಳೆದವರು. ಎನ್. ನರಸಿಂಹಯ್ಯ ಅವರ ಪುರುಷೋತ್ತಮ ಯಾವ ಪುಸ್ತಕದಲ್ಲಿ ಸಿಕ್ಕರೂ ನಮಗೆ ಅದೇ ಪುರುಷೋತ್ತಮ ಬೇಕಿತ್ತು. ಅದರಲ್ಲಿ ತಪ್ಪೇನಿಲ್ಲ, ಆ ಖುಷಿಯೇ ಬೇರೆ. ಆದರೆ ಹೀಗೆ ಒಗ್ಗಿಹೋದ ಓದುಗರಿಗೆ, ಅದೇ ಪತ್ತೇದಾರ ಎರಡನೇ ಕಥೆಯಲ್ಲಿ ಮುರಿದುಬೀಳುವುದನ್ನು ನೋಡುವುದು ಬೇರೆಯದೇ ಅನುಭವ. ಅದನ್ನು ಒಮ್ಮೆಯಾದರೂ ತೋರಿಸಬೇಕು ಅಂತ ನನ್ನ ಆಸೆ.

ಹಾಗಂತ ಸಿನಿಮಾದಲ್ಲಿ ಹುಳುಕೇ ಇಲ್ಲ ಅಂತ ಅಲ್ಲ. ಶಾರ್ನಿಯೇ ಡಾಯ್ಲ್‌ನನ್ನು ಕೊಲ್ಲದೆ ಯಾಕೆ ಬಿಟ್ಟ? ಉತ್ತರ ಇದೆ, ಆದರೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಮೊದಲ ಚಿತ್ರದ ಶಾರ್ನಿಯೇ ಮೆಟ್ರೋ ರೈಲಿನ ಕಿಟಕಿಯಿಂದ ಕೈ ಬೀಸುತ್ತಿದ್ದ ಚತುರ. ಇಲ್ಲಿ ಅವನಿಗೆ ಮಾಡಲು ಕೆಲಸವೇ ಕಡಿಮೆ. ಚೇತರಿಸಿಕೊಂಡ ಡಾಯ್ಲ್ ತನ್ನನ್ನು ಕೂಡಿಹಾಕಿದ್ದ ಹೋಟೆಲಿಗೆ ಹೋಗಿ ಪೆಟ್ರೋಲ್ ಸುರಿದು ಬೆಂಕಿ ಇಡುತ್ತಾನೆ. ಒಳಗೆ ಜನ ಇರುವ ಕಟ್ಟಡ ಅದು! ಬಾರ್ತೆಲೆಮಿ ಇದನ್ನು ಅಷ್ಟು ಸಲೀಸಾಗಿ ಬಿಟ್ಟುಬಿಡುವುದು ನಂಬಲಾಗುವುದಿಲ್ಲ. ಹೆಣ್ಣು ಪಾತ್ರ ಅಂದರೆ ವಾಚು ಕದಿಯುವ ಅಜ್ಜಿ ಒಬ್ಬಳೇ ನೆನಪಿನಲ್ಲಿ ಉಳಿಯುವುದು. ಹಡಗು ರಿಪೇರಿ ಕಟ್ಟೆಯಲ್ಲಿ ನೀರು ನುಗ್ಗುವ ಗುಂಡಿನ ಕಾಳಗ ನೋಡಲು ಭರ್ಜರಿಯಾಗಿದೆ, ಆದರೆ ಅದು ನಿರ್ಮಾಪಕರಿಗಾಗಿ ಮಾಡಿದ್ದು ಅನ್ನಿಸುತ್ತದೆ. ಈ ದೂರುಗಳನ್ನು ಆಗಿನ ಯಾವ ವಿಮರ್ಶಕ ಬರೆದಿದ್ದರೂ ನಾನು ಕೈ ಎತ್ತಿ ಬೆಂಬಲಿಸುತ್ತೇನೆ. ನನ್ನ ಜಗಳ ಮಧ್ಯದ ಭಾಗವನ್ನು ಅಡ್ಡಿ ಅಂತ ನೋಡುವವರ ಜೊತೆ ಮಾತ್ರ.

ಆ ಭಾಗ ಇಲ್ಲದಿದ್ದರೆ ಕೊನೆಯ ಓಟಕ್ಕೆ ಬೆಲೆಯೇ ಇಲ್ಲ. ಮೊದಲ ಚಿತ್ರದ ಕಾರಿನ ಜಾಗದಲ್ಲಿ ಇಲ್ಲಿ ಡಾಯ್ಲ್‌ನ ಎರಡು ಕಾಲು. ಶಾರ್ನಿಯೇ ಬಸ್ಸು ಹತ್ತುತ್ತಾನೆ, ದೋಣಿ ಹತ್ತುತ್ತಾನೆ. ಡಾಯ್ಲ್ ಮಾರ್ಸೇಲ್‌ನ ಹಳೆ ಬಂದರಿನ ದಂಡೆಯುದ್ದಕ್ಕೂ ಓಡುತ್ತಾನೆ. ಆ ಮೈ ಏನೇನು ಅನುಭವಿಸಿದೆ ಅಂತ ನಾವು ನೋಡಿದ್ದೇವೆ. ಅದಕ್ಕೇ ಅವನ ಒಂದೊಂದು ಏದುಸಿರೂ ನಮಗೆ ತಾಗುತ್ತದೆ. ಯಾವ ರೀತಿ ಮುಗಿಯುತ್ತದೆ ಅಂತ ಇಲ್ಲಿ ಬರೆಯುವುದಿಲ್ಲ, ನೋಡದವರು ಇದ್ದೀರಿ. ಕತ್ತರಿ ಎಷ್ಟು ಬೇಗ ಬೀಳುತ್ತದೆ ಅಂದರೆ, ಪ್ರೊಜೆಕ್ಟರ್ ಕೈಕೊಟ್ಟಿತಾ ಅಂತ ಯಾರಾದರೂ ಹಿಂತಿರುಗಿ ನೋಡಿಯೇ ನೋಡುತ್ತಾರೆ. ಆಪರೇಟರ್‌ಗೆ ಮೊದಲೇ ಹೇಳಿಡಿ.

ತೋರಿಸುವುದಾದರೆ ಇನ್ನೂ ಒಂದೆರಡು ಬೇಡಿಕೆ ಇವೆ.

ಫ್ರೆಂಚ್ ಮಾತುಗಳಿಗೆ ದಯವಿಟ್ಟು ಸಬ್‌ಟೈಟಲ್ ಹಾಕಬೇಡಿ. ಫ್ರಾಂಕನ್‌ಹೈಮರ್ ಬೇಕಂತಲೇ ಅವನ್ನು ಹಾಗೇ ಬಿಟ್ಟಿದ್ದರು, ಡಾಯ್ಲ್‌ಗೆ ಅರ್ಥವಾಗದ್ದು ನಮಗೂ ಅರ್ಥವಾಗಬಾರದು ಅಂತ. ಡಿಸ್ಕಿನಲ್ಲಿ ಆ ಸೌಲಭ್ಯ ಇದ್ದರೂ ಆಫ್ ಮಾಡಿ. ಪ್ರೇಕ್ಷಕರಲ್ಲಿ ಫ್ರೆಂಚ್ ಕಲಿತವರು ಇದ್ದರೆ ಪಕ್ಕದವರಿಗೆ ಪಿಸುಗುಡದಂತೆ ಮೊದಲೇ ಕೇಳಿಕೊಳ್ಳಿ. ಇಂಗ್ಲಿಷ್ ಮಾತುಗಳಿಗೆ ಬೇಕಾದರೆ ಹಾಕಿ. ಡಾಯ್ಲ್‌ನ ನ್ಯೂಯಾರ್ಕ್ ಇಂಗ್ಲಿಷ್ ನಮಗೂ ಅರ್ಧ ತಪ್ಪಿಹೋಗುತ್ತದೆ.

ಮಕ್ಕಳನ್ನು ಕರೆತರಬೇಡಿ ಅಂತ ಪೋಸ್ಟರಿನಲ್ಲೇ ಹಾಕಿ. ಸೂಜಿಯ ದೃಶ್ಯಗಳು ದೊಡ್ಡವರಿಗೂ ಕಷ್ಟ. ಮನೆಯಲ್ಲಿ ವ್ಯಸನದ ತೊಂದರೆ ನೋಡಿದವರು ಸಭೆಯಲ್ಲಿ ಇರಬಹುದು. ಸೆಲ್ಲಿನ ದೃಶ್ಯ ಶುರುವಾದ ಮೇಲೆ ಯಾರಾದರೂ ಎದ್ದು ಹೊರಗೆ ಹೋದರೆ ಹಿಂದಿನಿಂದ ‘ಶ್’ ಅನ್ನಬೇಡಿ.

ಸಿನಿಮಾ ಶುರುವಾಗುವ ಮೊದಲು ಕೊಡುವ ಪರಿಚಯದ ಹಾಳೆಯಲ್ಲಿ ನಕ್ಷತ್ರಗಳನ್ನೂ ಮೊದಲ ಭಾಗದ ಆಸ್ಕರ್ ಪಟ್ಟಿಯನ್ನೂ ಹಾಕಬೇಡಿ. ನಿರ್ದೇಶಕ, ಛಾಯಾಗ್ರಾಹಕ, ನಟರು, 119 ನಿಮಿಷ, ಇಷ್ಟು ಸಾಕು. ಈಬರ್ಟ್ ಮತ್ತು ಕ್ಯಾನ್ಬಿ ಏನಂದರು ಅನ್ನೋದನ್ನು ಬೇರೆ ಹಾಳೆಯಲ್ಲಿ ಮುದ್ರಿಸಿ, ಮುಗಿದ ಮೇಲೆ ಬಾಗಿಲ ಹತ್ತಿರ ಕೊಡಿ. ಚಹಾ ಕುಡಿಯುತ್ತಾ ಜಗಳ ಆಡಲು ಅದು ಬೇಕಾಗುತ್ತದೆ. ಆ ಚರ್ಚೆ ನಡೆಸಲು ನಿಮ್ಮಲ್ಲಿ ಶುಕ್ರವಾರದ ವಿಮರ್ಶೆ ಬರೆಯುವವರೊಬ್ಬರನ್ನು ಕೂರಿಸಿ. ಪ್ರೇಕ್ಷಕರು ಬಾರ್ತೆಲೆಮಿಯ ಪರ ನಿಲ್ಲುತ್ತಾರೋ ಡಾಯ್ಲ್ ಪರ ನಿಲ್ಲುತ್ತಾರೋ, ಅವರೇ ಮೊದಲು ಕೇಳಲಿ.

ದಿನಾಂಕ ನಿಗದಿಯಾದರೆ ತಿಳಿಸಿ.

ಇಂತಿ ನಿಮ್ಮ,
ಹಿಂದಿನ ಸಾಲಿನ ಒಬ್ಬ ಪ್ರೇಕ್ಷಕ